ಎಸ್ಸೆಸ್ಸೆಲ್ಸಿ ಬಳಿಕ ವಿಕಲಚೇತನ ಮಕ್ಕಳ ಹೊಣೆ ಯಾರದು?

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದು ಬಗೆಯ ಸುದ್ದಿ ತಪ್ಪದೇ ಕಾಣಿಸಿಕೊಳ್ಳುತ್ತದೆ. ಕಾಲಿನಿಂದ ಉತ್ತರ ಬರೆದು ಪ್ರಥಮ ದರ್ಜೆ ಪಡೆದ ಹುಡುಗ, ಲಿಪಿಕಾರರ ನೆರವಿನಿಂದ ಪರೀಕ್ಷೆ ಬರೆದು ಶಾಲೆಗೇ ಮೊದಲಿಗಳಾದ ಅಂಧ ವಿದ್ಯಾರ್ಥಿನಿ, ಅವರ ಮನೆಗೆ ಹೋಗಿ ಶಾಲು ಹೊದಿಸುವ ಜನಪ್ರತಿನಿಧಿ. ಇವು ಬರಬೇಕಾದ ಸುದ್ದಿಗಳೇ. ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ಮಕ್ಕಳು ಜುಲೈ ತಿಂಗಳಲ್ಲಿ ಎಲ್ಲಿದ್ದಾರೆ, ಪಿಯು ಕಾಲೇಜಿಗೆ ಸೇರಿದರೇ, ಐಟಿಐಗೆ ಹೋದರೇ, ಮನೆಯ ಜಗುಲಿಯಲ್ಲೇ ಉಳಿದರೇ ಎಂದು ಯಾರಾದರೂ ಕೇಳಿದರೆ, ಉತ್ತರ ಕೊಡಬೇಕಾದ ಅಧಿಕಾರಿ ಯಾರು ಎಂಬುದೇ ನಮ್ಮ ವ್ಯವಸ್ಥೆಯಲ್ಲಿ ಸ್ಪಷ್ಟವಿಲ್ಲ. ಗ್ರಾಮೀಣ ಪ್ರೌಢಶಾಲೆಯಲ್ಲಿ ಬಹುಕಾಲ ಪಾಠ ಮಾಡಿ ನಿವೃತ್ತಳಾದ ನಾನು ಈಗಲೂ ಹಳೆಯ ವಿದ್ಯಾರ್ಥಿಗಳ ಅರ್ಜಿ ತುಂಬಿಕೊಡುವ ಕೆಲಸದಲ್ಲಿ ತೊಡಗಿರುವುದರಿಂದ, ಈ ಪ್ರಶ್ನೆಯನ್ನು ತಮ್ಮ ಓದುಗರ ಮುಂದೆ ಸ್ವಲ್ಪ ವಿವರವಾಗಿಯೇ ಇಡಬಯಸುತ್ತೇನೆ.

ಕಾನೂನಿನ ಬೆಂಬಲವಿಲ್ಲ ಎಂದು ಯಾರೂ ಹೇಳುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆ 7 ಬಗೆಯ ನ್ಯೂನತೆಗಳನ್ನು ಮಾತ್ರ ಗುರುತಿಸಿತ್ತು. ಹೊಸದು 21 ಬಗೆಗಳನ್ನು ಒಳಗೊಂಡಿದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟುಗಳು, ಪ್ರವೇಶದ ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ, ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ 4ರ ಮೀಸಲಾತಿ, ಇವೆಲ್ಲ ಅದರಲ್ಲಿವೆ. ಒಂದು ತುದಿಯಲ್ಲಿ ಶಾಲೆಯನ್ನೂ ಇನ್ನೊಂದು ತುದಿಯಲ್ಲಿ ಕಾಲೇಜು ಮತ್ತು ನೌಕರಿಯನ್ನೂ ಇಷ್ಟು ಚೆನ್ನಾಗಿ ಬರೆದಿಟ್ಟ ಕಾಯ್ದೆ, ಈ ತುದಿಯಿಂದ ಆ ತುದಿಗೆ ಮಗುವನ್ನು ಕೈಹಿಡಿದು ದಾಟಿಸುವವರು ಯಾರು ಎಂಬುದನ್ನು ಮಾತ್ರ ಹೆಸರಿಸಿ ಹೇಳುವುದಿಲ್ಲ. ಅಮೆರಿಕದ ವಿಶೇಷ ಶಿಕ್ಷಣ ಕಾಯ್ದೆಯ ಪ್ರಕಾರ ಮಗುವಿಗೆ 16 ತುಂಬುವ ಹೊತ್ತಿಗೆ ಶಾಲೆಯ ನಂತರದ ಗುರಿಯೇನು, ಅದಕ್ಕೆ ಬೇಕಾದ ಸೇವೆಗಳೇನು ಎಂಬುದು ಲಿಖಿತ ಯೋಜನೆಯಾಗಿ ಸಿದ್ಧವಿರಲೇಬೇಕು ಮತ್ತು ಆ ಚರ್ಚೆಗೆ ಮಗುವನ್ನೂ ಕರೆಯಬೇಕು. ಅಲ್ಲಿನ ಸಂಪನ್ಮೂಲ ನಮ್ಮಲ್ಲಿಲ್ಲ, ಒಪ್ಪುತ್ತೇನೆ. ಆದರೆ ಒಂದು ಹಾಳೆಯ ಮೇಲೆ ಮಗುವಿನ ಮುಂದಿನ ದಾರಿಯನ್ನು ಬರೆದಿಡುವುದಕ್ಕೆ ಬೇಕಾಗಿರುವುದು ಹಣಕ್ಕಿಂತ ಹೆಚ್ಚಾಗಿ ಹೊಣೆಗಾರಿಕೆ.

ಇದು ಬೆರಳೆಣಿಕೆಯ ಮಕ್ಕಳ ಪ್ರಶ್ನೆ ಎಂದು ಭಾವಿಸುವವರಿಗಾಗಿ ಒಂದು ಮಾತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು, ಅವರಲ್ಲಿ ಶೇ 69ರಷ್ಟು ಜನ ಹಳ್ಳಿಗಳಲ್ಲಿದ್ದರು. ಕರ್ನಾಟಕದ ಪಾಲು 13.24 ಲಕ್ಷ. ಆ ಎಣಿಕೆ ನಡೆದಾಗ ಹೊಸ ಕಾಯ್ದೆಯ 21 ಬಗೆಗಳ ಪಟ್ಟಿ ಇರಲಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಹಲವು ರಿಯಾಯಿತಿಗಳಿವೆ. ಹೆಚ್ಚುವರಿ ಸಮಯ ಮತ್ತು ಲಿಪಿಕಾರರ ಜೊತೆಗೆ, ಕೆಲವು ಬಗೆಯ ನ್ಯೂನತೆಯಿರುವವರಿಗೆ ಭಾಷಾ ಪತ್ರಿಕೆಗಳಲ್ಲಿ ವಿನಾಯಿತಿ ಉಂಟು, ದೃಷ್ಟಿದೋಷವಿರುವವರಿಗೆ ಗಣಿತ ಮತ್ತು ವಿಜ್ಞಾನದ ಬದಲು ಬೇರೆ ವಿಷಯ ಆಯ್ದುಕೊಳ್ಳುವ ಅವಕಾಶ ಉಂಟು. ಎಷ್ಟೋ ಮಕ್ಕಳು ಇದರಿಂದಲೇ ಎಸ್ಸೆಸ್ಸೆಲ್ಸಿ ದಾಟಿದ್ದಾರೆ. ಆದ್ದರಿಂದ ಈ ಸೌಲಭ್ಯ ಇರಲೇಬೇಕು. ತೊಂದರೆ ಇರುವುದು ಅದನ್ನು ಆರಿಸುವ ಕ್ರಮದಲ್ಲಿ. ಹದಿಮೂರು ಹದಿನಾಲ್ಕು ವರ್ಷದ ಮಗುವಿನ ಪರವಾಗಿ ಈ ತೀರ್ಮಾನವನ್ನು ಶಾಲೆ ಮಾಡುತ್ತದೆ, ಪೋಷಕರು ತೋರಿಸಿದ ಜಾಗದಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುತ್ತಾರೆ. ಆ ಸಹಿಯಿಂದ ಮುಂದೆ ಯಾವ ಯಾವ ಬಾಗಿಲು ಮುಚ್ಚುತ್ತದೆ ಎಂದು ಅವರಿಗೆ ಹೇಳುವವರಿಲ್ಲ, ಹೇಳಬೇಕಾದವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ. ಶಾಲೆಯ ಶೇಕಡಾವಾರು ಫಲಿತಾಂಶದ ಮೇಲೆ ಮುಖ್ಯ ಶಿಕ್ಷಕರಿಗೆ ನೋಟಿಸು ಬರುವ ಕಾಲದಲ್ಲಿ, ಸುಲಭವಾಗಿ ಪಾಸಾಗುವ ದಾರಿಯನ್ನು ಶಾಲೆ ಹಿಡಿಯುವುದರಲ್ಲಿ ಆಶ್ಚರ್ಯವೂ ಇಲ್ಲ.

ಮಂದದೃಷ್ಟಿಯಿದ್ದ ಒಬ್ಬ ಹುಡುಗಿಯ ವಿಚಾರ ಹೇಳುತ್ತೇನೆ. ಎಂಟನೆಯ ತರಗತಿಯವರೆಗೆ ಲೆಕ್ಕದಲ್ಲಿ ಅವಳು ಚುರುಕಾಗಿಯೇ ಇದ್ದಳು. ಮೊದಲ ಬೆಂಚಿನಲ್ಲಿ ಕುಳಿತು, ಸಾಲದೆ ಬಂದರೆ ಎದ್ದು ಬೋರ್ಡಿನ ಹತ್ತಿರವೇ ಹೋಗಿ ನೋಡಿ, ದಪ್ಪ ಸ್ಕೆಚ್ ಪೆನ್ನಿನಲ್ಲಿ ಅಂಗೈ ಅಗಲದ ಅಂಕಿಗಳನ್ನು ಬರೆದು ಸಮೀಕರಣ ಬಿಡಿಸುತ್ತಿದ್ದಳು. ಒಂದು ಲೆಕ್ಕಕ್ಕೆ ನೋಟುಬುಕ್ಕಿನ ಎರಡು ಪುಟ ಬೇಕಾಗುತ್ತಿತ್ತು, ಅಷ್ಟೇ. ಮುಂದೆ ಅವಳು ಸೇರಿದ ಬೇರೊಂದು ಶಾಲೆಯಲ್ಲಿ ಗಣಿತದ ಬದಲು ಬೇರೆ ವಿಷಯ ಕೊಡಿಸಿದರು. ಅವಳು ಒಳ್ಳೆಯ ಅಂಕಗಳಲ್ಲೇ ತೇರ್ಗಡೆಯಾದಳು. ಕಂಪ್ಯೂಟರ್ ಡಿಪ್ಲೊಮಾ ಮಾಡಬೇಕೆಂದು ಪಾಲಿಟೆಕ್ನಿಕ್‌ನ ಅರ್ಜಿ ಕೌಂಟರಿಗೆ ಹೋದಾಗ, ಅಂಕಪಟ್ಟಿಯಲ್ಲಿ ಗಣಿತ, ವಿಜ್ಞಾನ ಇಲ್ಲದಿದ್ದರೆ ಅರ್ಜಿ ತೆಗೆದುಕೊಳ್ಳಲಾಗದು ಎಂದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್‌ನಂಥ ಟ್ರೇಡುಗಳಿಗೂ ಇದೇ ಷರತ್ತು. ಹತ್ತನೆಯ ತರಗತಿ ಪಾಸಾದವರೆಲ್ಲರೂ ಸೇರಬಹುದಾದ ಟ್ರೇಡುಗಳು ಬೇರೆ ಇವೆ ಎಂದು ಆ ಕೌಂಟರಿನಲ್ಲಿ ಅವಳಿಗೆ ಯಾರೂ ಹೇಳಲಿಲ್ಲ. ತಂದೆ ಅವಳನ್ನು ಕರೆದುಕೊಂಡು ಊರಿಗೆ ಮರಳಿದರು. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಮತ್ತು ಹೆಚ್ಚುವರಿ ಸಮಯ ಕೊಟ್ಟಿದ್ದರೆ ಅವಳು ಗಣಿತದ ಪರೀಕ್ಷೆಯನ್ನೇ ಬರೆಯುತ್ತಿದ್ದಳು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದ್ದರಿಂದ ನನ್ನ ಮೊದಲ ಕೋರಿಕೆ ಇಷ್ಟೇ. ವಿಷಯ ಬದಲಾವಣೆಗೆ ಅಥವಾ ವಿನಾಯಿತಿಗೆ ಅರ್ಜಿ ಹಾಕುವ ಮುನ್ನ, ಇದರಿಂದ ಯಾವ ಕೋರ್ಸುಗಳಿಗೆ ಅರ್ಹತೆ ತಪ್ಪುತ್ತದೆ, ಯಾವುವು ಉಳಿಯುತ್ತವೆ ಎಂಬುದನ್ನು ಸರಳ ಕನ್ನಡದಲ್ಲಿ ಮುದ್ರಿಸಿದ ಪತ್ರವನ್ನು ಪೋಷಕರಿಗೂ ಮಗುವಿಗೂ ಓದಿ ಹೇಳಿ, ಅದರ ಪ್ರತಿಯೊಂದನ್ನು ಮನೆಗೆ ಕೊಟ್ಟು, ನಂತರವೇ ಒಪ್ಪಿಗೆ ಪಡೆಯಬೇಕು. ಇದು ಒಂಬತ್ತನೆಯ ತರಗತಿಯ ಆರಂಭಕ್ಕೆ ಮೊದಲೇ ನಡೆಯಬೇಕು. ಪರೀಕ್ಷಾ ಅರ್ಜಿ ತುಂಬುವ ವಾರದಲ್ಲಿ ಕೇಳಿದರೆ ಯಾವ ತಂದೆತಾಯಿಯೂ ಕಷ್ಟದ ದಾರಿಯನ್ನು ಆರಿಸುವುದಿಲ್ಲ.

ಎರಡನೆಯದು ಕಡತದ ವಿಷಯ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಮಗುವಿಗೆ ಯಾವ ಬಗೆಯ ನ್ಯೂನತೆ, ಯಾವ ಸಾಧನ ಕೊಟ್ಟಿದೆ, ಶ್ರವಣಯಂತ್ರ ಹಾಕಿಕೊಳ್ಳುತ್ತಾನೋ ಪೆಟ್ಟಿಗೆಯಲ್ಲೇ ಇಟ್ಟಿದ್ದಾನೋ, ಯಾವ ರೀತಿ ಹೇಳಿದರೆ ಅವನಿಗೆ ಅರ್ಥವಾಗುತ್ತದೆ ಎಂಬುದೆಲ್ಲ ಇವರಿಗೆ ಗೊತ್ತು. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆ ಹನ್ನೆರಡನೆಯ ತರಗತಿಯವರೆಗೂ ಅನ್ವಯಿಸುತ್ತದೆ, ಪ್ರತಿ ವಿಕಲಚೇತನ ವಿದ್ಯಾರ್ಥಿಗೆ ವರ್ಷಕ್ಕೆ 3,500 ರೂಪಾಯಿಯ ನೆರವನ್ನೂ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯ ಶಿಷ್ಯವೇತನವನ್ನೂ ಅದರಲ್ಲಿ ಸೇರಿಸಲಾಗಿದೆ. ಕಾಗದದ ಮೇಲೆ ಹೀಗಿದ್ದರೂ, ನಾನು ನೋಡಿದ ಮಟ್ಟಿಗೆ, ಮಗು ಪ್ರೌಢಶಾಲೆಯಿಂದ ವರ್ಗಾವಣೆ ಪತ್ರ ಪಡೆದ ದಿನವೇ ಈ ತಿಳಿವಳಿಕೆಯೆಲ್ಲ ಬಿಆರ್‌ಸಿಯ ಕಪಾಟಿನಲ್ಲಿ ಉಳಿದುಬಿಡುತ್ತದೆ. ಪಿಯು ಕಾಲೇಜಿನ ಉಪನ್ಯಾಸಕರು ಎಂಬತ್ತು ತೊಂಬತ್ತು ಮಕ್ಕಳ ನಡುವೆ ಕುಳಿತ ಕಿವುಡ ಹುಡುಗನನ್ನು ಮಾತು ಕೇಳದವನೆಂದು ಗದರಿ, ತಿಂಗಳುಗಳ ಮೇಲೆ ನಿಜ ತಿಳಿದು ಪರಿತಪಿಸಿದ ಪ್ರಸಂಗ ನನಗೆ ಗೊತ್ತು. ಅವರ ಕೈಗೆ ಯಾರೂ ಒಂದು ಚೀಟಿಯನ್ನೂ ಕೊಟ್ಟಿರಲಿಲ್ಲ.

ಅದೇ ತಾಲ್ಲೂಕಿನಲ್ಲಿ, ಅದೇ ಮಗುವಿನ ಊರಿನಲ್ಲಿ, ಮತ್ತೊಬ್ಬರಿದ್ದಾರೆ. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ಜನರ ಬಾಯಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು. ಇವರಲ್ಲಿ ಬಹುತೇಕರು ಸ್ವತಃ ವಿಕಲಚೇತನರು, ಗೌರವಧನದ ಮೇಲೆ ದುಡಿಯುವವರು, ಸೇವಾ ಭದ್ರತೆಗಾಗಿ ಪದೇ ಪದೇ ಮನವಿ ಸಲ್ಲಿಸುತ್ತಿರುವವರು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಇವರಿಗೆ ಬಾಯಿಪಾಠ. ಬಿಐಇಆರ್‌ಟಿ ಶಿಕ್ಷಣ ಇಲಾಖೆಯವರು, ವಿಆರ್‌ಡಬ್ಲ್ಯು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವರು. ಒಂದೇ ಮಗುವಿನ ಹೆಸರು ಇಬ್ಬರ ಪಟ್ಟಿಯಲ್ಲೂ ಇರುತ್ತದೆ, ಪಟ್ಟಿಗಳು ಮಾತ್ರ ಒಂದನ್ನೊಂದು ನೋಡುವುದಿಲ್ಲ. ಹತ್ತನೆಯ ತರಗತಿಯ ವಿಕಲಚೇತನ ಮಕ್ಕಳ ಪಟ್ಟಿಯನ್ನು ಡಿಸೆಂಬರ್ ತಿಂಗಳಲ್ಲೇ ಎಂಆರ್‌ಡಬ್ಲ್ಯು ಕೈಗೆ ಕೊಟ್ಟು, ಫಲಿತಾಂಶದ ನಂತರ ಪ್ರತಿ ಮಗು ಎಲ್ಲಿಗೆ ಸೇರಿತೆಂದು ಜೂನ್ ಕೊನೆಯೊಳಗೆ ವಿಆರ್‌ಡಬ್ಲ್ಯು ಮೂಲಕ ಖಚಿತಪಡಿಸಿಕೊಂಡು, ಎಲ್ಲಿಯೂ ಸೇರದವರ ಮನೆಗೆ ಇಬ್ಬರೂ ಒಟ್ಟಿಗೆ ಹೋಗುವ ಪದ್ಧತಿಯನ್ನು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು ಒಂದು ಸುತ್ತೋಲೆಯಲ್ಲಿ ಜಾರಿಗೆ ತರಬಹುದು. ಹೊಸ ಹುದ್ದೆಯನ್ನು ಸೃಷ್ಟಿಸುವ ಅಗತ್ಯವಿಲ್ಲ. ಹೆಚ್ಚು ಕೆಲಸ ಕೊಟ್ಟ ಮೇಲೆ ಗೌರವಧನವನ್ನೂ ಪ್ರಯಾಣ ಭತ್ಯೆಯನ್ನೂ ಹೆಚ್ಚಿಸಬೇಕಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಊರುಗೋಲು ಹಿಡಿದು ಮನೆಮನೆ ತಿರುಗುವವರಿಂದ ಬಿಟ್ಟಿ ಚಾಕರಿ ಮಾಡಿಸುವುದು ಸಬಲೀಕರಣವೆನಿಸದು.

ದಾಖಲೆಗಳ ಪಡಿಪಾಟಲನ್ನು ಕುರಿತು ಬರೆಯಹೊರಟರೆ ಈ ಪತ್ರ ಮುಗಿಯುವುದಿಲ್ಲ. ಆದರೂ ಎರಡು ಮಾತು. ಬೆಳೆಯುವ ಮಕ್ಕಳಿಗೆ ನ್ಯೂನತೆಯ ಪ್ರಮಾಣ ಬದಲಾಗಬಹುದೆಂಬ ಕಾರಣಕ್ಕೆ ಹಲವು ಸಲ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಅದರ ಅವಧಿ ಮುಗಿದಿರುವುದು ಗೊತ್ತಾಗುವುದು ಪ್ರವೇಶದ ಕೊನೆಯ ದಿನಾಂಕ ಎದುರಿಗಿರುವಾಗ. ಜಿಲ್ಲಾ ಆಸ್ಪತ್ರೆಯಲ್ಲಿ ಸಂಬಂಧಪಟ್ಟ ತಜ್ಞರು ಸಿಗುವುದು ವಾರದ ಗೊತ್ತಾದ ದಿನ ಮಾತ್ರ. ಇನ್ನೊಂದು ಇನಿಷಿಯಲ್ಲಿನ ಗೊಂದಲ: ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದಕ್ಷರ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಇನಿಷಿಯಲ್ಲೇ ಇಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ ಹೆಸರು ತಾಳೆಯಾಗದೆ ಅರ್ಜಿ ನಿಂತುಹೋಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಎರಡೂವರೆ ಲಕ್ಷ ರೂಪಾಯಿ ಮೀರದ ಮಕ್ಕಳಿಗೆ ಇರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಹೀಗೆ ಒಂದಕ್ಷರದ ವ್ಯತ್ಯಾಸಕ್ಕೆ ಕೈತಪ್ಪುವುದನ್ನು ಕಂಡಿದ್ದೇನೆ. ಒಂಬತ್ತನೆಯ ತರಗತಿಯಲ್ಲಿರುವಾಗಲೇ, ಎಸ್ಸೆಸ್ಸೆಲ್ಸಿ ನೋಂದಣಿಗೆ ಮುನ್ನ, ತಾಲ್ಲೂಕು ಕೇಂದ್ರದಲ್ಲಿ ತಜ್ಞವೈದ್ಯರ ಸಹಿತ ಶಿಬಿರ ನಡೆಸಿ ಮೂರೂ ದಾಖಲೆಗಳನ್ನು ಒಟ್ಟಿಗೆ ಸರಿಪಡಿಸಿದರೆ ಇದರ ಬಹುಪಾಲು ತಪ್ಪುತ್ತದೆ.

ಸೀಟು ಸಿಕ್ಕ ಮೇಲೆ ದೂರದ ಪ್ರಶ್ನೆ. ಸಾರಿಗೆ ನಿಗಮಗಳ ವಿಕಲಚೇತನರ ರಿಯಾಯಿತಿ ಪಾಸು ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಗೆ ಅನ್ವಯಿಸುತ್ತದೆ. ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ಧರಿಸಿದ ಹುಡುಗನಿಗೆ ತೊಡಕಾಗುವುದು ದುಡ್ಡಲ್ಲ, ಹಳ್ಳಿಗೆ ಬರುವ ಬಸ್ಸಿನ ಮೊದಲ ಮೆಟ್ಟಿಲಿನ ಎತ್ತರ ಮತ್ತು ಬೆಳಗಿನ ಒಂದೇ ಬಸ್ಸಿನ ನೂಕುನುಗ್ಗಲು. ಕಾಲೇಜಿನಲ್ಲಿ ಪ್ರಥಮ ಪಿಯು ಕಲಾ ವಿಭಾಗವನ್ನು ಮಹಡಿಯ ಮೇಲೆ ಹಾಕಿರುತ್ತಾರೆ. ಒಬ್ಬ ವಿದ್ಯಾರ್ಥಿಗಾಗಿ ಆ ತರಗತಿಯನ್ನು ಕೆಳಕ್ಕೆ ತರುವುದು ಪ್ರಾಂಶುಪಾಲರ ಒಂದು ಆದೇಶದಿಂದ ಆಗುವ ಕೆಲಸ, ಆದರೂ ಅದನ್ನು ಯಾರಾದರೂ ಕೇಳಬೇಕು. ಹೆಣ್ಣುಮಕ್ಕಳ ವಿಚಾರದಲ್ಲಿ ಬಳಸಬಹುದಾದ ಶೌಚಾಲಯ ಮತ್ತು ಹಾಸ್ಟೆಲ್ ಇಲ್ಲದಿದ್ದರೆ ಉಳಿದ ಮಾತೇ ವ್ಯರ್ಥ. ಮೈಸೂರಿನಲ್ಲಿ 1991ರಿಂದ ವಿಕಲಚೇತನರಿಗಾಗಿಯೇ ಜೆಎಸ್‌ಎಸ್ ಪಾಲಿಟೆಕ್ನಿಕ್ ನಡೆಯುತ್ತಿದೆ. ಅಂಥದೊಂದು ಕಲ್ಯಾಣ ಕರ್ನಾಟಕದ ಮಕ್ಕಳಿಗೂ ಹತ್ತಿರದಲ್ಲಿರಬೇಕು. ಬೀದರ್‌ನ ಹಳ್ಳಿಯೊಂದರ ಹುಡುಗಿಯನ್ನು ಮೈಸೂರಿಗೆ ಕಳುಹಿಸಿ ಎಂದು ಅವಳ ಅಮ್ಮನಿಗೆ ಹೇಳುವುದು ಕಚೇರಿಯಲ್ಲಿ ಕುಳಿತವರಿಗೆ ಸುಲಭ.

ಓದು ಮುಂದುವರಿಸದವರ, ಮುಂದುವರಿಸಲು ಇಷ್ಟವಿಲ್ಲದವರ ಉದ್ಯೋಗದ ಬಗ್ಗೆ ನಮ್ಮ ಕಲ್ಪನೆ ಬಹಳ ಬಡವಾಗಿದೆ. ಗಂಡಾದರೆ ಗೂಡಂಗಡಿ, ಹೆಣ್ಣಾದರೆ ಹೊಲಿಗೆ ಯಂತ್ರ. ಯಂತ್ರ ವಿತರಣೆಯ ಫೋಟೊ ಬರುತ್ತದೆ. ಹತ್ತು ಮನೆಗಳಲ್ಲಿ ಆಗಲೇ ಯಂತ್ರವಿರುವ ಊರಿನಲ್ಲಿ ಹನ್ನೊಂದನೆಯವಳಿಗೆ ರವಿಕೆ ಹೊಲಿಯಲು ಕೊಡುವವರು ಯಾರು ಎಂದು ಯಾರೂ ಯೋಚಿಸಿರುವುದಿಲ್ಲ. ಹಳ್ಳಿಯಲ್ಲಿ ಕೆಲಸವೇ ಇಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಹಾಲಿನ ಗುಣಮಟ್ಟ ಪರೀಕ್ಷಿಸಿ ಲೆಕ್ಕ ದಾಖಲಿಸುವ ಕೆಲಸ, ಕೃಷಿ ಪತ್ತಿನ ಸಹಕಾರ ಸಂಘದ ಕಂಪ್ಯೂಟರ್, ಗ್ರಾಮ ಒನ್ ಕೇಂದ್ರ, ಪಂಚಾಯಿತಿಯ ಗ್ರಂಥಾಲಯ, ತೋಟಗಾರಿಕೆ ಇಲಾಖೆಯ ನರ್ಸರಿ, ರೈತ ಉತ್ಪಾದಕ ಸಂಸ್ಥೆಯ ಗೋದಾಮು, ಇವೆಲ್ಲ ಬಸ್ಸು ಹತ್ತದೇ ಹೋಗಬಹುದಾದ ಕೆಲಸದ ಜಾಗಗಳು. ಇಲ್ಲಿ ಕೆಲವು ವಾರ ಕಲಿಕೆಯ ಅವಕಾಶ ಸಿಕ್ಕರೆ, ಹುಡುಗನಿಗೆ ತನ್ನ ಕೈಯಲ್ಲಿ ಏನಾಗುತ್ತದೆ ಎಂಬುದು ತಿಳಿಯುತ್ತದೆ, ಸಂಘದ ಕಾರ್ಯದರ್ಶಿಗೂ ತಿಳಿಯುತ್ತದೆ. ಬೌದ್ಧಿಕ ನ್ಯೂನತೆಯಿರುವ ಮಕ್ಕಳಿಗಂತೂ ಕೊಠಡಿಯಲ್ಲಿ ಕೂರಿಸಿ ಮೇಣದಬತ್ತಿ, ಕಾಗದದ ಕವರು ಮಾಡಿಸುವ ತರಬೇತಿಗಿಂತ, ಸಸಿಯ ಚೀಲಕ್ಕೆ ಮಣ್ಣು ತುಂಬುವ ನರ್ಸರಿಯಲ್ಲಿ ಎಲ್ಲರ ಜೊತೆ ನಿಂತು ಕಲಿಯುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ. ಕಲಿಸುವವರು ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಒಂದು ಹಂತ ಕೈಗೆ ಕೂಡಿದ ಮೇಲೆ ಮುಂದಿನದಕ್ಕೆ ಹೋಗಬೇಕು. ಅದಕ್ಕೆ ಬೇಕಾಗುವುದು ಸಹನೆ.

ಇಲ್ಲಿ ವಯಸ್ಸಿನ ತೊಡಕೊಂದಿದೆ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಇಂದು ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರಗಳನ್ನು ನಡೆಸುತ್ತಿವೆ, ಊಟ ವಸತಿಯೊಂದಿಗೆ ತರಬೇತಿ ಉಚಿತ. ಆದರೆ ಅಲ್ಲಿಗೆ ಸೇರಲು 18 ತುಂಬಿರಬೇಕು. ಹದಿನಾರಕ್ಕೆ ಶಾಲೆ ಬಿಟ್ಟ ಮಗು ಆ ಎರಡು ವರ್ಷ ಮನೆಯಲ್ಲಿ ಕುಳಿತರೆ, ಆಮೇಲೆ ಅದನ್ನು ಹೊರಗೆ ಕರೆತರುವುದು ಎಷ್ಟು ಕಷ್ಟವೆಂಬುದು ಮನೆಮನೆಗೆ ಹೋಗುವ ಕಾರ್ಯಕರ್ತರಿಗೆ ಚೆನ್ನಾಗಿ ಗೊತ್ತು. ಮನೆಯವರಿಗೂ ಅಷ್ಟರಲ್ಲಿ ಒಂದು ರೂಢಿ ಬಿದ್ದಿರುತ್ತದೆ: ಮಗಳು ಮನೆ ನೋಡಿಕೊಳ್ಳುತ್ತಾಳೆ, ಮಾಸಾಶನ ಬರುತ್ತದೆ, ಕೆಲಸಕ್ಕೆ ಕಳಿಸಿದರೆ ಅದೂ ನಿಂತುಹೋದೀತು ಎಂಬ ಭಯ. ಈ ಭಯವನ್ನು ಅಜ್ಞಾನವೆಂದು ಹಳಿಯುವುದು ಸರಿಯಲ್ಲ. ತಾತ್ಕಾಲಿಕ ಸಂಬಳದ ಕೆಲಸಕ್ಕೆ ಸೇರಿದ ಮೊದಲ ಕೆಲವು ವರ್ಷ ಮಾಸಾಶನವನ್ನು ನಿಲ್ಲಿಸುವುದಿಲ್ಲ, ಕೆಲಸ ಹೋದರೆ ಹೊಸ ಅರ್ಜಿಯಿಲ್ಲದೆ ಮುಂದುವರಿಸುತ್ತೇವೆ ಎಂದು ಸರ್ಕಾರ ಬರಹದಲ್ಲಿ ಹೇಳಿದರೆ ಎಷ್ಟೋ ಪೋಷಕರು ಧೈರ್ಯ ಮಾಡುತ್ತಾರೆ.

ಸರ್ಕಾರಿ ನೇಮಕಾತಿಯ ಪರೀಕ್ಷೆಗಳ ಬಗ್ಗೆ ಒಂದೇ ಮಾತು ಸೇರಿಸುತ್ತೇನೆ. ಲಿಪಿಕಾರರ ಸೌಲಭ್ಯ, ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯ ಕುರಿತು ಕೇಂದ್ರ ಸರ್ಕಾರ 2018ರಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ಶೇ 40ಕ್ಕಿಂತ ಕಡಿಮೆ ನ್ಯೂನತೆಯಿದ್ದು ಬರೆಯಲು ಕಷ್ಟಪಡುವವರಿಗೂ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳ್ಳಿಯ ಅಭ್ಯರ್ಥಿಗೆ ಇದನ್ನು ಮೊದಲು ತಿಳಿಸುವವರು ಬೇಕು, ಆಮೇಲೆ ಪರೀಕ್ಷೆಯ ದಿನ ಜೊತೆಗೆ ಬರುವ ಲಿಪಿಕಾರ ಬೇಕು. ತಾಲ್ಲೂಕಿನ ಪದವಿ ಕಾಲೇಜಿನ ಎನ್‌ಎಸ್‌ಎಸ್ ಘಟಕ ಇಚ್ಛೆಯುಳ್ಳ ವಿದ್ಯಾರ್ಥಿಗಳ ಪಟ್ಟಿ ಇಟ್ಟುಕೊಂಡರೆ ಸಾಕು.

ಖರ್ಚಿನ ಪ್ರಶ್ನೆ ಬಂದೇ ಬರುತ್ತದೆ. ಗ್ರಾಮ ಪಂಚಾಯಿತಿಗಳು ತಮ್ಮ ಸಂಪನ್ಮೂಲದಲ್ಲಿ ಶೇ 5ನ್ನು ವಿಕಲಚೇತನರಿಗಾಗಿ ವೆಚ್ಚ ಮಾಡಬೇಕೆಂಬ ನಿಯಮ ಕರ್ನಾಟಕದಲ್ಲಿ ಇದೆ. ಆ ಹಣ ಮಾರ್ಚ್ ತಿಂಗಳ ಗಡಿಬಿಡಿಯಲ್ಲಿ, ಯಾರಿಗೆ ಏನು ಬೇಕೆಂದು ಕೇಳದೆ ಖರೀದಿಸಿದ ಸಾಮಗ್ರಿಯ ವಿತರಣೆಯಲ್ಲಿ ಮುಗಿದುಹೋಗುವುದನ್ನು ಹಲವೆಡೆ ನೋಡುತ್ತೇವೆ. ಅದರಲ್ಲೊಂದು ಪಾಲನ್ನು ಹತ್ತನೆಯ ತರಗತಿ ಮುಗಿಸಿದ ಮಕ್ಕಳ ಪ್ರವೇಶ ಶುಲ್ಕ, ಜೊತೆಗೆ ಹೋಗುವವರ ಪ್ರಯಾಣವೆಚ್ಚ, ಹಾಲಿನ ಸಂಘದಲ್ಲೋ ನರ್ಸರಿಯಲ್ಲೋ ಕೆಲಸ ಕಲಿಯುವ ತಿಂಗಳುಗಳ ಸಣ್ಣ ಭತ್ಯೆ ಇವುಗಳಿಗೆ ಮೀಸಲಿಡಲು ಪಂಚಾಯಿತಿಯ ಕ್ರಿಯಾ ಯೋಜನೆಯಲ್ಲಿಯೇ ಅವಕಾಶ ಮಾಡಿಕೊಳ್ಳಬಹುದು. ಮುಂದಿನ ಆರ್ಥಿಕ ವರ್ಷದ ಕ್ರಿಯಾ ಯೋಜನೆಗೆ ಗ್ರಾಮಸಭೆ ಸೇರುವಾಗ ಪ್ರತಿ ಪಂಚಾಯಿತಿಯ ವಿಆರ್‌ಡಬ್ಲ್ಯು ತಮ್ಮ ವ್ಯಾಪ್ತಿಯಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಯಲ್ಲಿರುವ ವಿಕಲಚೇತನ ಮಕ್ಕಳ ಹೆಸರುಗಳನ್ನೂ, ಅವರಲ್ಲಿ ಯಾರು ಏನು ಮಾಡಬೇಕೆಂದಿದ್ದಾರೆ ಎಂಬುದನ್ನೂ ಸಭೆಯ ಮುಂದೆ ಓದಲು ಅವಕಾಶ ಕೊಡಬೇಕೆಂದು ಜಿಲ್ಲಾ ಪಂಚಾಯಿತಿಗಳನ್ನೂ ಸಂಬಂಧಪಟ್ಟ ಎರಡೂ ಇಲಾಖೆಗಳನ್ನೂ ಈ ಪತ್ರದ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ